ದಾವ್ ಧರ್ಮ ಎಂದರೇನು, ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವ್ ಬಗ್ಗೆ ನಮ್ಮಲ್ಲಿ ಓಡಾಡುವುದು ಜಾಸ್ತಿ ಸುಭಾಷಿತಗಳೇ. ನೀರಿನ ಹಾಗಿರು, ಸುಮ್ನಿರು, ಬಂದದ್ದನ್ನು ಬಂದ ಹಾಗೆ ತಗೋ. ಅವು ಸುಳ್ಳಲ್ಲ. ಆದರೆ ಅದೇ ಹೆಸರಿನಲ್ಲಿ ಚೀನಾದ ಜನ ಗುಡಿ ಕಟ್ಟಿದ್ದಾರೆ, ರೋಗಕ್ಕೂ ಸಾವಿಗೂ ಶಾಂತಿ ಮಾಡಿಸಿದ್ದಾರೆ, ಒಂದು ಕಾಲದಲ್ಲಿ ಸಣ್ಣ ರಾಜ್ಯವನ್ನೇ ನಡೆಸಿದ್ದಾರೆ. ಅವರನ್ನು ಬಿಟ್ಟು ದಾವ್ ಬಗ್ಗೆ ಮಾತಾಡಿದರೆ ಅರ್ಧ ಮಾತಾಡಿದ ಹಾಗೆ. ಅದಕ್ಕೇ ಇಲ್ಲಿ ಆ ಮಾತುಗಳಿಗೂ ಈ ಜನರಿಗೂ ಜಾಗ ಕೊಟ್ಟಿದ್ದೇನೆ.

ದಾವ್ ಅಂದ್ರೆ ಏನು?

ದಾರಿ. ಚೀನೀ ಭಾಷೆಯಲ್ಲಿ ಅದು ದಿನಬಳಕೆಯ ಮಾತು. ನಡೆಯುವ ದಾರಿಗೂ ಅದೇ, ಒಂದು ಕೆಲಸ ಮಾಡುವ ಕ್ರಮಕ್ಕೂ ಅದೇ. ಕನ್ಫ್ಯೂಷಿಯಸ್ ಕೂಡ ದಾವ್ ಬಗ್ಗೆ ಮಾತಾಡುತ್ತಾನೆ, ಆದರೆ ಅವನಿಗೆ ಅದು ಮನುಷ್ಯರು ಒಬ್ಬರ ಜೊತೆ ಒಬ್ಬರು ನಡೆದುಕೊಳ್ಳಬೇಕಾದ ದಾರಿ: ಹಿರಿಯರಿಗೆ ಮರ್ಯಾದೆ, ಒಳ್ಳೆಯ ಆಡಳಿತ, ಹಳೆಯ ಆಚರಣೆಗಳು.

ಲಾವ್ ತ್ಸು ಎಂಬವನ ಹೆಸರಿನಲ್ಲಿರುವ 'ದಾವ್ ದ ಜಿಂಗ್' ಎಂಬ ಪುಸ್ತಕ ಇನ್ನೂ ಹಿಂದಕ್ಕೆ ಹೋಗುತ್ತದೆ. ಆಕಾಶ ಭೂಮಿ ಹುಟ್ಟುವ ಮೊದಲೇ ಏನೋ ಇತ್ತು, ಅದಕ್ಕೆ ಹೆಸರಿಲ್ಲ, ಕರೆಯಲು ಏನಾದರೂ ಬೇಕಲ್ಲ ಅಂತ ದಾವ್ ಎನ್ನುತ್ತೇನೆ ಎಂದು 25ನೇ ಅಧ್ಯಾಯ ಹೇಳುತ್ತದೆ. ಅದರಿಂದ ಒಂದು, ಒಂದರಿಂದ ಎರಡು, ಎರಡರಿಂದ ಮೂರು, ಮೂರರಿಂದ ಎಲ್ಲವೂ ಹುಟ್ಟಿತು ಎಂದು 42ನೇ ಅಧ್ಯಾಯ. ಈ ದಾವ್ ಅಪ್ಪಣೆ ಕೊಡುವುದಿಲ್ಲ, ಶಿಕ್ಷಿಸುವುದಿಲ್ಲ, ಹುಟ್ಟಿಸಿದ್ದು ನಾನೇ ಎಂದು ಹಕ್ಕು ಕೇಳುವುದೂ ಇಲ್ಲ. ಎಲ್ಲವನ್ನೂ ಸಾಕುತ್ತದೆ, ಯಜಮಾನಿಕೆ ಮಾಡುವುದಿಲ್ಲ. ನನಗೆ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸಿದ ವಿಚಾರ ಇದೇ.

ತಾವೋ, ಟಾವೋ, ದಾವ್: ಯಾವುದು ಸರಿ?

ಮೂರೂ ಒಂದೇ. ಚೀನೀ ಉಚ್ಚಾರಣೆಗೆ ಹತ್ತಿರವಾದದ್ದು ದಾವ್. ಹಳೆಯ ಇಂಗ್ಲಿಷ್ ಬರವಣಿಗೆಯನ್ನು ಅನುಸರಿಸಿದವರು ತಾವೋ, ಟಾವೋ ಎಂದು ಬರೆಯುತ್ತಾರೆ. ಲಾವೋತ್ಸೆ, ಲಾವ್ ತ್ಸು ಕೂಡ ಹಾಗೇ.

ಇದು ತತ್ವವೋ, ಧರ್ಮವೋ?

ಎರಡೂ. ಎರಡನ್ನೂ ಕತ್ತರಿಸಿ ಬೇರೆ ಇಡುವುದು ತಪ್ಪು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಅದಕ್ಕೆ ಕಾರಣ ಹೇಳುತ್ತೇನೆ.

ಸಾಮಾನ್ಯವಾಗಿ ಕೇಳುವ ಕತೆ ಹೀಗಿರುತ್ತದೆ. ಮೊದಲು ಲಾವ್ ತ್ಸು, ಜುವಾಂಗ್ ತ್ಸು ಎಂಬ ಜ್ಞಾನಿಗಳು ಇದ್ದರು, ಶುದ್ಧವಾದ ವಿಚಾರ ಹೇಳಿದರು. ಆಮೇಲೆ ಪುರೋಹಿತರು ಬಂದು ಮಂತ್ರ, ತಾಯತ, ದೇವರು ಎಲ್ಲ ಸೇರಿಸಿ ಕೆಡಿಸಿದರು. ಈ ಕತೆಯನ್ನು ಗಟ್ಟಿ ಮಾಡಿದವರಲ್ಲಿ 19ನೇ ಶತಮಾನದಲ್ಲಿ ಚೀನಾಕ್ಕೆ ಹೋದ ಕ್ರೈಸ್ತ ಮಿಷನರಿ ವಿದ್ವಾಂಸರು ಮುಖ್ಯರು. ಅವರಿಗೆ ಪುಸ್ತಕ ಇಷ್ಟವಾಯಿತು, ಗುಡಿ ಇಷ್ಟವಾಗಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಚೀನಾದ ಓದಿದ ಜನರೂ ಗುಡಿಯನ್ನು ಮೂಢನಂಬಿಕೆ ಎಂದೇ ನೋಡಿದರು. ಅಲ್ಲಿಂದ ಅದು ಎಲ್ಲರ ಬಾಯಿಗೂ ಬಂತು.

ಆದರೆ ಹಳೆಯ ಸಾಕ್ಷ್ಯ ಬೇರೆಯೇ ಹೇಳುತ್ತದೆ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಗೋರಿ ಇದೆ. ಅದರೊಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ಲಾವ್ ತ್ಸು ಪುಸ್ತಕದ ಎರಡು ಪ್ರತಿ ಸಿಕ್ಕಿದವು. ಅದೇ ಗೋರಿಯಲ್ಲಿ ವೈದ್ಯದ ಬರಹಗಳೂ, ಮೈ ಬಾಗಿಸಿ ಉಸಿರು ನಡೆಸುವ ವ್ಯಾಯಾಮದ ಒಂದು ಬಣ್ಣದ ಚಿತ್ರಪಟವೂ ಇದ್ದವು. ಗಂಡಸರು, ಹೆಂಗಸರು ಸೇರಿ 44 ಜನ ಬೇರೆ ಬೇರೆ ಭಂಗಿಯಲ್ಲಿ ನಿಂತಿದ್ದಾರೆ. ಅಂದರೆ ಆ ಕಾಲದವರಿಗೆ ವಿಚಾರ ಒಂದು ಕಡೆ, ಮೈಯ ಸಾಧನೆ ಇನ್ನೊಂದು ಕಡೆ ಇರಲಿಲ್ಲ. ಪುಸ್ತಕದೊಳಗೇ ನೋಡಿ, 10ನೇ ಅಧ್ಯಾಯ ಉಸಿರನ್ನು ಎಳೆಮಗುವಿನಷ್ಟು ಮೆತ್ತಗೆ ಮಾಡಬಲ್ಲೆಯಾ ಎಂದು ಕೇಳುತ್ತದೆ. ಇದನ್ನು ಬರೀ ಅಲಂಕಾರ ಎಂದು ಓದುವುದಕ್ಕಿಂತ, ಉಸಿರಿನ ಸಾಧನೆ ಮಾಡುತ್ತಿದ್ದವರ ಮಾತು ಎಂದು ಓದುವುದು ನ್ಯಾಯ.

ಲಾವ್ ತ್ಸು ನಿಜವಾಗಿ ಇದ್ದನೇ?

ಇದ್ದ ಎಂದು ತೋರಿಸಲು ಗಟ್ಟಿ ಆಧಾರ ಇಲ್ಲ. ನಮಗೆ ಗೊತ್ತಿರುವ ಕತೆಯೆಲ್ಲ ಸುಮಾರು ಕ್ರಿ.ಪೂ. 100ರ ಹೊತ್ತಿಗೆ ಇತಿಹಾಸಕಾರ ಸೀಮಾ ಚಿಯೆನ್ ಬರೆದದ್ದು. ಹೆಸರು ಲಿ ಅರ್, ಝೌ ರಾಜರ ದಫ್ತರದಲ್ಲಿ ದಾಖಲೆ ನೋಡಿಕೊಳ್ಳುವ ಕೆಲಸ, ಕನ್ಫ್ಯೂಷಿಯಸ್ ಅವನನ್ನು ಕಾಣಲು ಬಂದಿದ್ದ. ರಾಜ್ಯ ಹಾಳಾಗುವುದನ್ನು ನೋಡಿ ಪಶ್ಚಿಮಕ್ಕೆ ಹೊರಟ. ಗಡಿಯ ಕಣಿವೆ ಕಾಯುತ್ತಿದ್ದ ಯಿನ್ ಶಿ ಎಂಬ ಅಧಿಕಾರಿ, ಹೋಗುವ ಮುಂಚೆ ಏನಾದರೂ ಬರೆದು ಕೊಡಿ ಎಂದು ಕೇಳಿದ. ಸುಮಾರು 5000 ಅಕ್ಷರ ಬರೆದು ಕೊಟ್ಟು ಹೋದ, ಆಮೇಲೆ ಎಲ್ಲಿ ಸತ್ತ ಎಂದು ಯಾರಿಗೂ ಗೊತ್ತಿಲ್ಲ.

ಇದೇ ಸೀಮಾ ಚಿಯೆನ್ ಇನ್ನೂ ಇಬ್ಬರ ಹೆಸರು ಹೇಳಿ, ಲಾವ್ ತ್ಸು ಎಂದರೆ ಇವರೂ ಇರಬಹುದು ಎನ್ನುತ್ತಾನೆ. ಅವನು 160 ವರ್ಷ ಬದುಕಿದ ಎನ್ನುವವರಿದ್ದಾರೆ, 200ಕ್ಕೂ ಹೆಚ್ಚು ಎನ್ನುವವರೂ ಇದ್ದಾರೆ ಎಂದು ಬರೆದಿಡುತ್ತಾನೆ. ಎರಡು ಸಾವಿರ ವರ್ಷದ ಹಿಂದೆಯೇ ಇಷ್ಟು ಗೊಂದಲ ಇತ್ತು, ಅದನ್ನು ಅವನು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆಗೆ ನನಗೆ ಗೌರವ ಇದೆ. ಈಗಿನ ಬಹುತೇಕ ವಿದ್ವಾಂಸರು ಪುಸ್ತಕವನ್ನು ಒಬ್ಬನ ಕೃತಿ ಎನ್ನುವುದಿಲ್ಲ. ಬಾಯಿಂದ ಬಾಯಿಗೆ ಬಂದ ಮಾತುಗಳು ಸೇರಿ, ಹಲವರ ಕೈ ದಾಟಿ ಪುಸ್ತಕವಾಯಿತು ಎನ್ನುತ್ತಾರೆ.

ಹಾಗಾದರೆ ಪುಸ್ತಕ ಎಷ್ಟು ಹಳೆಯದು?

1993ರಲ್ಲಿ ಹುಬೇ ಪ್ರಾಂತ್ಯದ ಗುವೋದಿಯೆನ್ ಎಂಬಲ್ಲಿ ಒಂದು ಗೋರಿ ತೆರೆದಾಗ ಬಿದಿರಿನ ಪಟ್ಟಿಗಳು ಸಿಕ್ಕಿದವು. ಅವು ಸುಮಾರು ಕ್ರಿ.ಪೂ. 300ರವು. ಈಗಿನ ಪುಸ್ತಕದ ಐದರಲ್ಲಿ ಎರಡು ಭಾಗದಷ್ಟು ಮಾತುಗಳು ಅದರಲ್ಲಿವೆ, ಆದರೆ ಅನುಕ್ರಮ ಬೇರೆ. 1973ರಲ್ಲಿ ಸಿಕ್ಕ ಮಾವಾಂಗ್‌ದುಯಿ ಪ್ರತಿಗಳಲ್ಲಿ ಪುಸ್ತಕ ಹೆಚ್ಚು ಕಡಿಮೆ ಪೂರ್ತಿಯಾಗಿದೆ, ಆದರೆ ನಾವು ಎರಡನೆಯದಾಗಿ ಓದುವ ಭಾಗ ಅಲ್ಲಿ ಮೊದಲು ಬರುತ್ತದೆ. ಇವತ್ತು ಎಲ್ಲರೂ ಓದುವ 81 ಅಧ್ಯಾಯದ ರೂಪ ಆಮೇಲಿನದು. ಅದರ ಜೊತೆ ಹೆಚ್ಚಾಗಿ ಬರುವ ವ್ಯಾಖ್ಯಾನ ವಾಂಗ್ ಬಿ ಬರೆದದ್ದು. ಅವನು ಹುಟ್ಟಿದ್ದು 226ರಲ್ಲಿ, ಸತ್ತದ್ದು 249ರಲ್ಲಿ. ಅಷ್ಟು ಚಿಕ್ಕ ವಯಸ್ಸಿನ ಹುಡುಗ ಬರೆದ ಟಿಪ್ಪಣಿಯನ್ನು ಜಗತ್ತು ಇನ್ನೂ ಓದುತ್ತಿದೆ!

ವು ವೇ ಅಂದ್ರೆ ಏನೂ ಮಾಡದೆ ಕೂರುವುದು ತಾನೇ?

ಅಲ್ಲ. ದಾವ್ ಪುಸ್ತಕಗಳಲ್ಲಿ ಬರುವ 'ವು ವೇ' ಎಂಬ ಮಾತಿಗೆ ಅಕ್ಷರಶಃ 'ಮಾಡದಿರುವುದು' ಎಂದು ಅರ್ಥ. ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿದುಕೊಳ್ಳುವುದು ಇದನ್ನೇ. ಜುವಾಂಗ್ ತ್ಸು ಪುಸ್ತಕದ ಮೂರನೇ ಅಧ್ಯಾಯದಲ್ಲಿ ದಿಂಗ್ ಎಂಬ ಅಡುಗೆಯವನು ಬರುತ್ತಾನೆ. ಅವನ ಕತೆ ಓದಿದರೆ ವು ವೇ ತಾನಾಗಿ ಅರ್ಥವಾಗುತ್ತದೆ.

ದಿಂಗ್ ಒಬ್ಬ ಅರಸನ ಮುಂದೆ ಎತ್ತನ್ನು ಕಡಿಯುತ್ತಿದ್ದಾನೆ. ಕೈ ತಾಗಿದಲ್ಲಿ, ಭುಜ ಒರಗಿದಲ್ಲಿ, ಮೊಣಕಾಲು ಒತ್ತಿದಲ್ಲಿ ಸರ್ ಸರ್ ಎಂದು ಸದ್ದು, ಆ ಸದ್ದಿಗೂ ಒಂದು ತಾಳ ಇದೆ. ಅರಸ ಬೆರಗಾಗುತ್ತಾನೆ. ಆಗ ದಿಂಗ್ ಕತ್ತಿ ಕೆಳಗಿಟ್ಟು ಹೇಳುತ್ತಾನೆ: ಶುರುವಿನಲ್ಲಿ ನನಗೆ ಕಾಣುತ್ತಿದ್ದದ್ದು ಇಡೀ ಎತ್ತು, ಮೂರು ವರ್ಷದ ಮೇಲೆ ಇಡೀ ಎತ್ತು ಕಾಣುವುದು ನಿಂತಿತು, ಈಗ ಕಣ್ಣಿನಿಂದ ನೋಡುವುದೇ ಇಲ್ಲ. ಸಾಮಾನ್ಯ ಅಡುಗೆಯವನು ತಿಂಗಳಿಗೊಂದು ಕತ್ತಿ ಬದಲಾಯಿಸುತ್ತಾನೆ, ಯಾಕೆಂದರೆ ಕೊಚ್ಚುತ್ತಾನೆ. ಒಳ್ಳೆಯವನು ವರ್ಷಕ್ಕೊಂದು. ನನ್ನ ಕತ್ತಿಗೆ 19 ವರ್ಷ, ಸಾವಿರಾರು ಎತ್ತು ಕಡಿದಿದ್ದೇನೆ, ಅಲಗು ಈಗಷ್ಟೇ ಸಾಣೆ ಹಿಡಿದ ಹಾಗಿದೆ. ಕೀಲಿನ ಮಧ್ಯೆ ಸಂದು ಇರುತ್ತದೆ, ಅಲಗಿಗೆ ದಪ್ಪವೇ ಇಲ್ಲ, ದಪ್ಪವಿಲ್ಲದ್ದು ಸಂದಿನಲ್ಲಿ ಹೋದರೆ ಓಡಾಡಲು ಬೇಕಾದಷ್ಟು ಜಾಗ.

ಕತೆ ಇಷ್ಟಕ್ಕೇ ನಿಂತರೆ ಅದು ಬರೀ ನೈಪುಣ್ಯದ ಹೊಗಳಿಕೆ. ಮುಂದಿನ ಮಾತು ಬಹಳ ಜನ ಬಿಟ್ಟುಬಿಡುತ್ತಾರೆ. ಇಷ್ಟೆಲ್ಲ ಬಂದರೂ ಗಂಟು ಗಂಟಾದ ಜಾಗ ಬಂದಾಗ ನಾನು ಹೆದರುತ್ತೇನೆ, ನಿಧಾನ ಮಾಡುತ್ತೇನೆ, ಕತ್ತಿಯನ್ನು ಒಂಚೂರೇ ಅಲ್ಲಾಡಿಸುತ್ತೇನೆ ಎನ್ನುತ್ತಾನೆ ದಿಂಗ್. ವು ವೇ ಅಂದರೆ ಇದು. ಕೆಲಸ ಬಿಡುವುದಲ್ಲ, ಸಂದು ಇಲ್ಲದ ಕಡೆ ಬಲ ಹಾಕದೇ ಇರುವುದು. ಅದಕ್ಕೆ ಬಹಳ ವರ್ಷದ ಕಲಿಕೆ ಬೇಕು, ಎಚ್ಚರವೂ ಬೇಕು.

ಜುವಾಂಗ್ ತ್ಸು ಯಾರು? ಲಾವ್ ತ್ಸು ಶಿಷ್ಯನೇ?

ಶಿಷ್ಯ ಅಲ್ಲ. ಕ್ರಿ.ಪೂ. ನಾಲ್ಕನೇ ಶತಮಾನದವನು, ಅರಗಿನ ಮರಗಳ ತೋಟದಲ್ಲಿ ಸಣ್ಣ ಅಧಿಕಾರಿಯಾಗಿದ್ದ ಎಂದು ಸೀಮಾ ಚಿಯೆನ್ ಹೇಳುತ್ತಾನೆ. ಅವನ ಹೆಸರಿನ ಪುಸ್ತಕದಲ್ಲಿ 33 ಅಧ್ಯಾಯ ಇವೆ, ಈ ರೂಪ ಕೊಟ್ಟವನು ಗುವೋ ಶಿಯಾಂಗ್, ಅವನು ಸತ್ತದ್ದು 312ರಲ್ಲಿ. ಮೊದಲ ಏಳು ಅಧ್ಯಾಯ ಮಾತ್ರ ಜುವಾಂಗ್ ತ್ಸು ಬರೆದದ್ದು ಎಂದು ಹಿಂದಿನಿಂದಲೂ ನಂಬಿಕೆ.

ಲಾವ್ ತ್ಸು ಪುಸ್ತಕ ಅರಸರಿಗೆ ಬುದ್ಧಿ ಹೇಳುತ್ತದೆ. ಜುವಾಂಗ್ ತ್ಸುಗೆ ಅರಸರ ಸಹವಾಸವೇ ಬೇಡ. ಮಂತ್ರಿ ಪದವಿ ಕೊಡಲು ದೂತರು ಬಂದಾಗ ಅವನು ನದಿಯಲ್ಲಿ ಗಾಳ ಹಾಕಿ ಕೂತಿದ್ದ. ತಿರುಗಿಯೂ ನೋಡದೆ ಕೇಳಿದ: ನಿಮ್ಮ ಅರಸನ ಗುಡಿಯಲ್ಲಿ ಸತ್ತ ಆಮೆಯ ಚಿಪ್ಪನ್ನು ರೇಷ್ಮೆಯಲ್ಲಿ ಸುತ್ತಿ ಪೂಜಿಸುತ್ತಾರಂತೆ, ಆ ಆಮೆಗೆ ಅದು ಇಷ್ಟವೋ, ಬದುಕಿ ಕೆಸರಿನಲ್ಲಿ ಬಾಲ ಎಳೆದುಕೊಂಡು ಓಡಾಡುವುದು ಇಷ್ಟವೋ? ಕೆಸರೇ ಇಷ್ಟ ಎಂದರು ದೂತರು. ಹಾಗಾದರೆ ಹೋಗಿ, ನಾನೂ ಕೆಸರಿನಲ್ಲೇ ಇರುತ್ತೇನೆ ಎಂದ. ಕನಸಿನಲ್ಲಿ ಚಿಟ್ಟೆಯಾಗಿ ಎದ್ದ ಮೇಲೆ, ಚಿಟ್ಟೆ ಈಗ ನಾನಾಗಿ ಕನಸು ಕಾಣುತ್ತಿದೆಯೋ ಎಂದು ಕೇಳಿದವನೂ ಇವನೇ.

ದಾವ್ ವಿಚಾರದಲ್ಲಿ ರಾಜಕೀಯ ಇದೆಯೇ?

ಬಹಳ ಇದೆ. ಅದು ಹುಟ್ಟಿದ್ದೇ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕಾಲದಲ್ಲಿ. ಮೇಲಿನವರು ತೆರಿಗೆ ಜಾಸ್ತಿ ತಿನ್ನುವುದರಿಂದ ಜನ ಹಸಿದಿದ್ದಾರೆ ಎಂದು 75ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ಆಯುಧ ಅಪಶಕುನದ ವಸ್ತು, ಯುದ್ಧ ಗೆದ್ದರೂ ಸಾವಿನ ಮನೆಯ ಹಾಗೆ ನಡೆದುಕೊಳ್ಳಬೇಕು ಎಂದು 31ನೆಯದು. ದೊಡ್ಡ ರಾಜ್ಯ ಆಳುವುದು ಸಣ್ಣ ಮೀನು ಬೇಯಿಸಿದ ಹಾಗೆ ಎನ್ನುತ್ತದೆ 60ನೆಯದು. ಪದೇ ಪದೇ ಮಗುಚಿದರೆ ಪುಡಿಯಾಗುತ್ತದೆ ಎಂದು ಅದನ್ನು ವಿವರಿಸುತ್ತಾರೆ. ಹಾನ್ ವಂಶದ ಮೊದಲ ಅರಸರು ಇದನ್ನು ನಿಜವಾಗಿಯೂ ಪಾಲಿಸಲು ನೋಡಿದರು. ಯುದ್ಧದಿಂದ ಬಳಲಿದ ದೇಶಕ್ಕೆ ತೆರಿಗೆ ಇಳಿಸಿ, ಶಿಕ್ಷೆ ಕಡಿಮೆ ಮಾಡಿದರು.

ಧರ್ಮ ಯಾವಾಗ ಶುರುವಾಯಿತು?

ಸಂಪ್ರದಾಯ ಕೊಡುವ ವರ್ಷ ಕ್ರಿ.ಶ. 142. ಸಿಚುವಾನ್‌ನ ಹೆಮಿಂಗ್ ಬೆಟ್ಟದಲ್ಲಿ ಜಾಂಗ್ ದಾವ್‌ಲಿಂಗ್ ಎಂಬವನಿಗೆ ಲಾವ್ ತ್ಸುವೇ ದೇವರಾಗಿ ಕಾಣಿಸಿಕೊಂಡು ಹೊಸ ಒಪ್ಪಂದ ಕೊಟ್ಟ ಎನ್ನುತ್ತಾರೆ. ಲಾವ್ ತ್ಸುವನ್ನು ದೇವರೆಂದು ನಂಬುವುದು ಆಗ ಆ ಬೆಟ್ಟಕ್ಕೆ ಸೀಮಿತವಾಗಿರಲಿಲ್ಲ. 160ರ ದಶಕದಲ್ಲಿ ಹಾನ್ ಚಕ್ರವರ್ತಿ ಹುವಾನ್ ಕೂಡ ಅವನಿಗೆ ಪೂಜೆ ಸಲ್ಲಿಸಿದ್ದ.

ಜಾಂಗ್ ಕಟ್ಟಿದ ಪಂಥಕ್ಕೆ 'ಸ್ವರ್ಗದ ಗುರುಗಳ ದಾರಿ' ಎಂದು ಹೆಸರು. ಸೇರುವವರು ಐದು ಅಳತೆ ಅಕ್ಕಿ ಕೊಡಬೇಕಿತ್ತು, ಅದಕ್ಕೆ ಹೊರಗಿನವರು 'ಐದಳತೆ ಅಕ್ಕಿಯವರು' ಎಂದು ಕರೆದರು. ಅವನ ಮೊಮ್ಮಗ ಜಾಂಗ್ ಲು ಹಾನ್‌ಜೋಂಗ್ ಎಂಬ ಕಣಿವೆಯನ್ನು ವರ್ಷಗಟ್ಟಲೆ ಆಳಿದ, 215ರಲ್ಲಿ ಸೇನಾಧಿಪತಿ ತ್ಸಾವ್ ತ್ಸಾವ್‌ಗೆ ಶರಣಾದ.

ಆ ಕಣಿವೆಯಲ್ಲಿ ಏನು ನಡೆಯುತ್ತಿತ್ತು ಎಂದು ಹಳೆಯ ಚರಿತ್ರೆ ಪುಸ್ತಕಗಳು ಬರೆದಿಟ್ಟಿವೆ. ದಾರಿಯುದ್ದಕ್ಕೂ ಛತ್ರಗಳಿದ್ದವು. ಒಳಗೆ ಅಕ್ಕಿ, ಮಾಂಸ ಇಟ್ಟಿರುತ್ತಿದ್ದರು, ಯಾರು ಬೇಕಾದರೂ ಹೊಟ್ಟೆ ತುಂಬುವಷ್ಟು ತಗೋಬಹುದು, ಕಾಸು ಕೊಡಬೇಕಿಲ್ಲ. ಆಸೆಬಿದ್ದು ಜಾಸ್ತಿ ತಗೊಂಡರೆ ದೆವ್ವಗಳು ರೋಗ ತರುತ್ತವೆ ಎಂದು ನಂಬಿಕೆ. ಸಣ್ಣ ತಪ್ಪು ಮಾಡಿದವನು ನೂರು ಹೆಜ್ಜೆ ದಾರಿ ರಿಪೇರಿ ಮಾಡಬೇಕು. ಕಾಯಿಲೆ ಬಿದ್ದವರು ಶಾಂತವಾದ ಕೋಣೆಯಲ್ಲಿ ಕೂತು ತಮ್ಮ ತಪ್ಪು ನೆನೆಯಬೇಕು. ಪುರೋಹಿತರು ಅವರ ಹೆಸರು ಹಾಕಿ ಮೂರು ಅರ್ಜಿ ಬರೆಯುತ್ತಿದ್ದರು. ಆಕಾಶಕ್ಕೆ ಸೇರಿದ್ದನ್ನು ಬೆಟ್ಟದ ಮೇಲೆ ಇಡುವುದು, ಭೂಮಿಯದನ್ನು ಹೂಳುವುದು, ನೀರಿನದನ್ನು ಮುಳುಗಿಸುವುದು. ಪ್ರಾಣಿಬಲಿ ಕೂಡದು.

ಈ ಪುರೋಹಿತರು ಜನರಿಗೆ ಕಲಿಸುತ್ತಿದ್ದ ಪಠ್ಯ ಯಾವುದು ಗೊತ್ತೇ? ಲಾವ್ ತ್ಸುವಿನ ಆ 5000 ಅಕ್ಷರವೇ. ಊರಿನ ಜನ ಒಟ್ಟಿಗೆ ಕೂತು ಅದನ್ನು ಬಾಯಿಪಾಠ ಹೇಳುತ್ತಿದ್ದರು. ತತ್ವ ಬೇರೆ ಧರ್ಮ ಬೇರೆ ಎನ್ನುವವರು ಈ ಛತ್ರಗಳ ಕಡೆ ಒಂದು ಸಲ ನೋಡಬೇಕು. ಮೇಲಿನವರು ತಿನ್ನುವುದರಿಂದ ಜನ ಹಸಿದಿದ್ದಾರೆ ಎಂದ ಪುಸ್ತಕವನ್ನು ಓದುತ್ತಾ ಅನ್ನ ಇಟ್ಟವರು ಅವರು.

ಇದೇ ಹೊತ್ತಿಗೆ, 184ರಲ್ಲಿ, ಪೂರ್ವ ಚೀನಾದಲ್ಲಿ ಹಳದಿ ಪೇಟದವರ ದಂಗೆ ಎದ್ದಿತು. ಅವರದು ಬೇರೆ ಪಂಥ, ಅವರೂ ರೋಗಿಗಳಿಗೆ ತಪ್ಪೊಪ್ಪಿಗೆ ಮಾಡಿಸಿ ಮಂತ್ರದ ನೀರು ಕೊಡುತ್ತಿದ್ದರು. ಸರ್ಕಾರ ದಂಗೆಯನ್ನು ಹೊಸಕಿ ಹಾಕಿತು.

ಅದರಲ್ಲಿ ಎಷ್ಟು ಪಂಗಡ ಇವೆ?

ಹುಟ್ಟಿದ್ದು ಬಹಳ. 364ರಿಂದ 370ರವರೆಗೆ ಯಾಂಗ್ ಶಿ ಎಂಬವನಿಗೆ ರಾತ್ರಿ ಹೊತ್ತು ದೇವತೆಗಳು ಬಂದು ಹೇಳಿದ ಮಾತುಗಳಿಂದ ಶಾಂಗ್‌ಚಿಂಗ್ ಪಂಥ ಬೆಳೆಯಿತು, ಅದು ಧ್ಯಾನಕ್ಕೆ ಒತ್ತು ಕೊಟ್ಟಿತು. ಸುಮಾರು 400ರಲ್ಲಿ ಬಂದ ಲಿಂಗ್‌ಬಾವ್ ಬೌದ್ಧರಿಂದ ಬಹಳ ಎರವಲು ಪಡೆದು ಸಾಮೂಹಿಕ ಪೂಜೆಗಳನ್ನು ರೂಪಿಸಿತು.

ಇವತ್ತು ಮುಖ್ಯವಾಗಿ ಉಳಿದಿರುವುದು ಎರಡು. ಜೆಂಗ್‌ಯಿಯವರು ಜಾಂಗ್ ಮನೆತನದ ಪರಂಪರೆಯವರು, ಜಿಯಾಂಗ್‌ಶಿಯ ಲೋಂಗ್‌ಹು ಬೆಟ್ಟ ಅವರ ಕೇಂದ್ರ. ಅವರ ಪುರೋಹಿತರು ಮದುವೆಯಾಗಿ, ಮನೆ ಮಾಡಿಕೊಂಡು, ಕರೆದವರ ಮನೆಗೆ ಹೋಗಿ ಪೂಜೆ ಮಾಡುತ್ತಾರೆ. ಚುವಾನ್‌ಜೆನ್‌ನವರು ಸನ್ಯಾಸಿಗಳು. ಮಠದಲ್ಲಿ ಇರುತ್ತಾರೆ, ಮಾಂಸ ತಿನ್ನುವುದಿಲ್ಲ, ಮದುವೆಯಾಗುವುದಿಲ್ಲ. 12ನೇ ಶತಮಾನದಲ್ಲಿ ವಾಂಗ್ ಚೋಂಗ್‌ಯಾಂಗ್ ಇದನ್ನು ಶುರು ಮಾಡಿದ. ಬೀಜಿಂಗ್‌ನ ಬಿಳಿ ಮೋಡದ ಗುಡಿ ಇವರದು.

ದೇವರುಗಳು ಯಾರು?

ಎಲ್ಲಕ್ಕಿಂತ ಮೇಲೆ 'ಮೂವರು ಪರಿಶುದ್ಧರು', ಅವರಲ್ಲಿ ಒಬ್ಬ ಲಾವ್ ತ್ಸುವಿನ ದೈವರೂಪ. ಕೆಳಗೆ ಜೇಡ್ ಚಕ್ರವರ್ತಿ, ನಕ್ಷತ್ರದ ದೇವತೆಗಳು, ಊರು ಕಾಯುವ ದೇವರು, ಒಲೆಯ ದೇವರು. ಇಡೀ ದೇವಲೋಕವೇ ಚೀನಾದ ಸರ್ಕಾರಿ ಕಚೇರಿಯ ಮಾದರಿಯಲ್ಲಿದೆ. ಪ್ರತಿ ದೇವರಿಗೂ ಹುದ್ದೆ ಇದೆ, ವ್ಯಾಪ್ತಿ ಇದೆ, ಬಡ್ತಿಯೂ ಇದೆ. ಬಹಳ ಊರ ದೇವರುಗಳು ಒಂದು ಕಾಲದಲ್ಲಿ ಮನುಷ್ಯರಾಗಿ ಇದ್ದವರೇ.

ಪೂಜೆ ಹೇಗೆ ನಡೆಯುತ್ತದೆ?

ತೈವಾನ್‌ನಲ್ಲಿ ಈಗಲೂ ನಡೆಯುವ 'ಜಿಯಾವ್' ಎಂಬ ಊರ ಪೂಜೆಯನ್ನು ನೋಡಿದರೆ ತಿಳಿಯುತ್ತದೆ. ಹಲವು ವರ್ಷಕ್ಕೊಮ್ಮೆ, ಗುಡಿ ಹೊಸದಾಗಿ ಕಟ್ಟಿದಾಗ, ಇಲ್ಲವೇ ಊರಿಗೆ ಆಪತ್ತು ಬಂದು ಹೋದಾಗ ಮಾಡಿಸುತ್ತಾರೆ. ಮೂರು ದಿನ, ಐದು ದಿನ ಹೀಗೆ ನಡೆಯುತ್ತದೆ. ಊರಿನವರು ಆ ದಿನಗಳಲ್ಲಿ ಮಾಂಸ ಬಿಡುತ್ತಾರೆ. ಗುಡಿಯ ಬಾಗಿಲು ಮುಚ್ಚಿ ಒಳಗೆ ಮೂವರು ಪರಿಶುದ್ಧರ ಚಿತ್ರಪಟ ತೂಗುಹಾಕುತ್ತಾರೆ. ಒಳಗೆ ಪುರೋಹಿತರು, ಮೇಳದವರು, ಊರಿನ ಕೆಲವೇ ಪ್ರತಿನಿಧಿಗಳು. ಹೊರಗೆ ಜಾತ್ರೆ, ನಾಟಕ, ಗದ್ದಲ.

ಮುಖ್ಯ ಘಟ್ಟ ಅರ್ಜಿ ಸಲ್ಲಿಸುವುದು. ಹಾನ್‌ಜೋಂಗ್ ಕಣಿವೆಯಲ್ಲಿ ಬರೆಯುತ್ತಿದ್ದ ಅರ್ಜಿಯ ಪರಂಪರೆಯೇ ಇದು. ಯಾವ ಊರು, ಯಾವ ಮನೆಗಳವರು ಯಾಕೆ ಬೇಡಿಕೊಳ್ಳುತ್ತಿದ್ದಾರೆ ಎಂದು ಹಳೆಯ ಆಡಳಿತದ ಶೈಲಿಯಲ್ಲಿ ಬರೆದು ಮುದ್ರೆ ಒತ್ತುತ್ತಾರೆ. ಹೆಸರುಗಳ ಪಟ್ಟಿಯನ್ನು ಗುಡಿಯ ಹೊರಗೂ ಅಂಟಿಸುತ್ತಾರೆ, ಜನ ಬಂದು ತಮ್ಮ ಮನೆಯ ಹೆಸರು ಇದೆಯೇ ಎಂದು ಹುಡುಕಿ ನೋಡುತ್ತಾರೆ. ಮುಖ್ಯ ಪುರೋಹಿತ ಸಪ್ತರ್ಷಿ ಮಂಡಲದ ಆಕಾರದಲ್ಲಿ ಹೆಜ್ಜೆ ಹಾಕಿ, ಅಡ್ಡಬಿದ್ದು ಮಲಗಿ, ಮನಸ್ಸಿನಲ್ಲಿ ಸ್ವರ್ಗದ ಬಾಗಿಲವರೆಗೂ ಹೋಗಿ ಅರ್ಜಿ ಕೊಟ್ಟು ಬರುತ್ತಾನೆ. ಆಮೇಲೆ ಕಾಗದವನ್ನು ಸುಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಬರೀ ಆಡಂಬರ ಅನ್ನಿಸಬಹುದು, ಆದರೆ ಆ ಹೊತ್ತಿನಲ್ಲಿ ಅವನು ಮಾಡುತ್ತಿರುವುದು ಉಸಿರು ಹಿಡಿದ ಧ್ಯಾನ. ಕೊನೆಯಲ್ಲಿ, ತಿಥಿ ಮಾಡುವವರಿಲ್ಲದ ಅನಾಥ ಪ್ರೇತಗಳಿಗೆಲ್ಲ ಅನ್ನ ಇಡುತ್ತಾರೆ.

ಸಾವಿಲ್ಲದ ಬದುಕು, ರಸಸಿದ್ಧಿ, ಇದೆಲ್ಲ ನಿಜವಾಗಿ ನಂಬಿದ್ದರೇ?

ನಂಬಿದ್ದರು, ಅದಕ್ಕೆ ಪ್ರಾಣವನ್ನೂ ಕೊಟ್ಟರು. ಗೆ ಹೋಂಗ್ (283–343) ಎಂಬ ವಿದ್ವಾಂಸ ಪಾದರಸ, ಇಂಗುಲೀಕ, ಚಿನ್ನ ಬಳಸಿ ರಸ ತಯಾರಿಸುವ ಬಗ್ಗೆ ವಿವರವಾಗಿ ಬರೆದ. ಟಾಂಗ್ ವಂಶದ ಹಲವು ಚಕ್ರವರ್ತಿಗಳು ಇಂಥ ರಸ ಕುಡಿದು ವಿಷವೇರಿ ಸತ್ತರು. 846ರಲ್ಲಿ ಸತ್ತ ವೂಜೋಂಗ್ ಅವರಲ್ಲೊಬ್ಬ. ಅವನು ಅದಕ್ಕೆ ಒಂದು ವರ್ಷ ಮೊದಲು ಬೌದ್ಧ ಮಠಗಳನ್ನು ಕೆಡವಿಸಿದ್ದ. ದಾವ್ ಎಂದರೆ ಬರೀ ಶಾಂತಿ ಎಂದು ತಿಳಿದವರು ಈ ಪುಟವನ್ನೂ ಓದಬೇಕು.

ಸಿಡಿಮದ್ದು ಸಿಕ್ಕಿದ್ದೂ ಈ ಹುಡುಕಾಟದಲ್ಲೇ. ಗಂಧಕ, ಪೆಟ್ಲುಪ್ಪು ಎಲ್ಲ ಸೇರಿಸಿ ಜೇನಿನ ಜೊತೆ ಕಾಯಿಸಿದವರ ಕೈ ಮುಖ ಸುಟ್ಟು, ಮನೆಯೇ ಉರಿದುಹೋಯಿತು, ಹಾಗೆ ಮಾಡಬೇಡಿ ಎಂದು ಟಾಂಗ್ ಕಾಲದ ಒಂದು ದಾವ್ ಗ್ರಂಥ ಎಚ್ಚರಿಸುತ್ತದೆ.

ನಿಧಾನವಾಗಿ ರಸವಿದ್ಯೆ ಕುಲುಮೆ ಬಿಟ್ಟು ಮೈಯೊಳಗೆ ಬಂತು. ಹೊಕ್ಕುಳ ಕೆಳಗಿನ ಜಾಗವೇ ಒಲೆ, ಉಸಿರೇ ಬೆಂಕಿ, ಮೈಯ ಸತ್ವವೇ ಕಚ್ಚಾ ವಸ್ತು. ಚುವಾನ್‌ಜೆನ್ ಗುರು ಚಿಯು ಚೂಜಿಯನ್ನು ಚೆಂಗೀಸ್ ಖಾನ್ ಕರೆಸಿಕೊಂಡದ್ದು ಈ ಆಸೆಯಿಂದಲೇ. ಎಪ್ಪತ್ತು ದಾಟಿದ ಮುದುಕ ಶಾಂಡೋಂಗ್‌ನಿಂದ ಹಿಂದೂಕುಶ್‌ವರೆಗೆ ಹೋಗಿ 1222ರಲ್ಲಿ ಅವನನ್ನು ಕಂಡ. ಸಾಯದಿರುವ ಮದ್ದು ಏನು ತಂದೆ ಎಂದು ಖಾನ್ ಕೇಳಿದ. ಬದುಕನ್ನು ಕಾಪಾಡಿಕೊಳ್ಳುವ ದಾರಿ ಇದೆ, ಸಾಯದಿರುವ ಮದ್ದು ಇಲ್ಲ ಎಂದ ಗುರು. ಅಂಥವನ ಮುಂದೆ ನಿಂತು ಇಷ್ಟು ನೇರವಾಗಿ ಹೇಳಲು ಧೈರ್ಯ ಬೇಕು ಅಲ್ವಾ?

ಬೌದ್ಧ ಧರ್ಮಕ್ಕೂ ಇದಕ್ಕೂ ಏನು ಸಂಬಂಧ? ಭಾರತಕ್ಕೆ ಇದು ಬಂದಿತ್ತೇ?

ಜಗಳವೂ ಇತ್ತು, ಕೊಡುಕೊಳ್ಳುವುದೂ ಇತ್ತು. ಬೌದ್ಧ ಸೂತ್ರಗಳನ್ನು ಚೀನೀ ಭಾಷೆಗೆ ತಂದ ಮೊದಲಿಗರು ದಾವ್ ಪರಂಪರೆಯ ಮಾತುಗಳನ್ನೇ ಬಳಸಿದರು. ದಾವ್‌ನವರು ಮಠ, ಕರ್ಮ, ನರಕಗಳ ಕಲ್ಪನೆಯನ್ನು ಬೌದ್ಧರಿಂದ ತಗೊಂಡರು. ಲಾವ್ ತ್ಸು ಪಶ್ಚಿಮಕ್ಕೆ ಹೋದದ್ದು ಭಾರತಕ್ಕೇ, ಬುದ್ಧನಿಗೆ ಪಾಠ ಹೇಳಿದ್ದೂ ಅವನೇ ಎಂದು ಒಂದು ಗ್ರಂಥವನ್ನೂ ಬರೆದರು. ಬೌದ್ಧರಿಗೆ ಇದು ಉರಿಯಿತು, ಶತಮಾನಗಟ್ಟಲೆ ವಾದ ನಡೆಯಿತು. ಕೊನೆಗೆ 1281ರಲ್ಲಿ ಕುಬ್ಲಾಯ್ ಖಾನ್, ದಾವ್ ದ ಜಿಂಗ್ ಒಂದನ್ನು ಬಿಟ್ಟು ಉಳಿದ ದಾವ್ ಗ್ರಂಥಗಳನ್ನು ಸುಡಲು ಆಜ್ಞೆ ಮಾಡಿದ.

ಭಾರತದ ಕಡೆಯಿಂದ ಒಂದು ಕೋರಿಕೆ ಹೋದದ್ದು ನಿಜ. ಅಸ್ಸಾಮಿನ ಕಾಮರೂಪದ ರಾಜ ಭಾಸ್ಕರವರ್ಮ ಲಾವ್ ತ್ಸು ಪುಸ್ತಕ ಸಂಸ್ಕೃತದಲ್ಲಿ ಬೇಕೆಂದು ಚೀನೀ ದೂತರ ಹತ್ತಿರ ಕೇಳಿದ. 647ರಲ್ಲಿ ಚಕ್ರವರ್ತಿ ಆ ಕೆಲಸವನ್ನು ಹ್ಯೂಯೆನ್ ತ್ಸಾಂಗ್‌ಗೆ ವಹಿಸಿದ, ದಾವ್ ಪಂಡಿತರನ್ನೂ ಜೊತೆಗೆ ಕೂರಿಸಿದ. ಇಮ್ಮಡಿ ಪುಲಕೇಶಿಯ ನಾಡನ್ನು ನೋಡಿ ಬರೆದ, ನಾವು ಶಾಲೆಯಲ್ಲಿ ಓದಿದ ಅದೇ ಹ್ಯೂಯೆನ್ ತ್ಸಾಂಗ್. ಅವನಿಗೂ ಆ ಪಂಡಿತರಿಗೂ ಪದಪದಕ್ಕೂ ವಾದವಾಯಿತು. ಆ ಸಂಸ್ಕೃತ ಅನುವಾದದ ಪ್ರತಿ ಉಳಿದಿಲ್ಲ.

ದಾವ್ ಅಂದ್ರೆ ನಮ್ಮ ಬ್ರಹ್ಮವೇ ಅಲ್ವಾ?

ಹತ್ತಿರ ಅನ್ನಿಸುವುದು ಸಹಜ. ಎರಡಕ್ಕೂ ಹೆಸರು, ಆಕಾರ ಹೊಂದುವುದಿಲ್ಲ. ಆದರೆ ಬದಲಾಗುವ ಜಗತ್ತನ್ನು ದಾಟಿ ಬದಲಾಗದ್ದನ್ನು ತಿಳಿಯಬೇಕು ಎನ್ನುವ ತುಡಿತ ಅದ್ವೈತದ್ದು. ಜುವಾಂಗ್ ತ್ಸು ಬದಲಾವಣೆಯ ಒಳಗೇ ನೆಮ್ಮದಿಯಾಗಿ ಇರಲು ಹೇಳುತ್ತಾನೆ. ಅವನ ಹೆಂಡತಿ ಸತ್ತಾಗ ಮಾತಾಡಿಸಲು ಹೋದ ಗೆಳೆಯನಿಗೆ ಅವನು ಕಾಲು ಚಾಚಿ ಕೂತು ಬೋಗುಣಿ ಬಡಿದು ಹಾಡುವುದು ಕಂಡಿತು. ಮೊದಲು ನನಗೂ ದುಃಖವಾಯಿತು, ಆಮೇಲೆ ನೋಡಿದೆ, ಋತು ಬದಲಾದ ಹಾಗೆ ಅವಳು ಬದಲಾಗಿದ್ದಾಳೆ ಎಂದ. ಇಲ್ಲಿ ಆತ್ಮ ಎಲ್ಲಿಗೂ ಹೋಗುವುದಿಲ್ಲ, ಬಿಡುಗಡೆಯ ಮಾತೂ ಇಲ್ಲ. ಎರಡನ್ನೂ ಒಂದು ಮಾಡಿದರೆ ಎರಡಕ್ಕೂ ಅನ್ಯಾಯ.

ಹೆಂಗಸರಿಗೆ ಜಾಗ ಇದೆಯೇ?

ಶುರುವಿನಿಂದಲೂ ಇದೆ. ಸ್ವರ್ಗದ ಗುರುಗಳ ಪಂಥದಲ್ಲಿ ಹೆಂಗಸರೂ ಪುರೋಹಿತರಾಗುತ್ತಿದ್ದರು. ಅಂಥ ಪುರೋಹಿತೆಯಾಗಿದ್ದ ವೇ ಹುವಾತ್ಸುನ್ ಶಾಂಗ್‌ಚಿಂಗ್ ಪಂಥದ ಮೂಲಗುರು ಎಂದು ಪೂಜೆಗೊಳ್ಳುತ್ತಾಳೆ. ವಾಂಗ್ ಚೋಂಗ್‌ಯಾಂಗ್‌ನ ಏಳು ಮುಖ್ಯ ಶಿಷ್ಯರಲ್ಲಿ ಸುನ್ ಬುಅರ್ ಒಬ್ಬಳು. ಚುವಾನ್‌ಜೆನ್ ಮಠಗಳಲ್ಲಿ ಇವತ್ತೂ ಸನ್ಯಾಸಿನಿಯರು ಇದ್ದಾರೆ. ಸಮಾಜ ಗಂಡಸರದ್ದೇ ಆಗಿತ್ತು, ಅದರಲ್ಲಿ ಅನುಮಾನ ಬೇಡ.

ಯಿನ್ ಯಾಂಗ್, ತಾಯ್ ಚಿ ಎಲ್ಲ ದಾವ್ ಧರ್ಮವೇ?

ಪೂರ್ತಿ ಅಲ್ಲ. ಕತ್ತಲು ಬೆಳಕಿನಂಥ ಯಿನ್ ಯಾಂಗ್ ಜೋಡಿ, ಚಿ ಎಂಬ ಪ್ರಾಣಶಕ್ತಿ ಇವೆಲ್ಲ ಇಡೀ ಚೀನಾದ ಸೊತ್ತು, ವೈದ್ಯರೂ ಕನ್ಫ್ಯೂಷಿಯಸ್‌ನ ಕಡೆಯವರೂ ಬಳಸಿದರು. ಕಪ್ಪು ಬಿಳಿ ಮೀನಿನಂಥ ಆ ಗುರುತು ಲಾವ್ ತ್ಸು ಕಾಲಕ್ಕಿಂತ ಬಹಳ ಈಚಿನದು. ತಾಯ್ ಚಿ ಎಂಬ ಕಾದಾಟದ ವ್ಯಾಯಾಮ ವುದಾಂಗ್ ಬೆಟ್ಟದ ಸಿದ್ಧನಿಂದ ಬಂತು ಎಂಬುದು ಐತಿಹ್ಯ. ದಾಖಲೆ ಸಿಗುವುದು ಹೆನಾನ್‌ನ ಚೆನ್ ಮನೆತನದ ಹಳ್ಳಿಯಲ್ಲಿ, 17ನೇ ಶತಮಾನದಿಂದ.

ವಾಟ್ಸಾಪ್‌ನಲ್ಲಿ ಬರುವ ಲಾವ್ ತ್ಸು ಮಾತುಗಳು ನಿಜವೇ?

ಬಹಳಷ್ಟು ಅಲ್ಲ. ಖಿನ್ನತೆ ಇದ್ದರೆ ನೀವು ಭೂತಕಾಲದಲ್ಲಿದ್ದೀರಿ, ಆತಂಕ ಇದ್ದರೆ ಭವಿಷ್ಯದಲ್ಲಿದ್ದೀರಿ ಎನ್ನುವ ಮಾತು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಸಾವಿರ ಹರದಾರಿಯ ಪ್ರಯಾಣ ಕಾಲ ಕೆಳಗೇ ಶುರುವಾಗುತ್ತದೆ ಎನ್ನುವುದು ಇದೆ, 64ನೇ ಅಧ್ಯಾಯದಲ್ಲಿ. ಅಧ್ಯಾಯದ ಸಂಖ್ಯೆ ಇಲ್ಲದ ಮಾತು ಬಂದರೆ ಮುಂದಕ್ಕೆ ಕಳಿಸುವ ಮುಂಚೆ ಒಂದು ಸಲ ಹುಡುಕಿ ನೋಡಿ. ಇರುವುದೇ 81 ಚಿಕ್ಕ ಅಧ್ಯಾಯ.

ಈಗ ಇದರ ಸ್ಥಿತಿ ಹೇಗಿದೆ?

1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಚೀನಾದ ಗುಡಿಗಳನ್ನು ಮುಚ್ಚಿದರು, ವಿಗ್ರಹ ಒಡೆದರು, ಸನ್ಯಾಸಿಗಳನ್ನು ಮಠದಿಂದ ಹೊರಗೆ ಹಾಕಿದರು. 1980ರ ದಶಕದಿಂದ ಮತ್ತೆ ತೆರೆದವು. ಈಗ ಸರ್ಕಾರ ಮಾನ್ಯ ಮಾಡಿದ ಐದು ಧರ್ಮಗಳಲ್ಲಿ ಇದೂ ಒಂದು. ತೈವಾನ್, ಹಾಂಗ್‌ಕಾಂಗ್, ಸಿಂಗಾಪುರ, ಮಲೇಷ್ಯಾಗಳಲ್ಲಿ ಪರಂಪರೆ ಕಡಿಯದೆ ಉಳಿಯಿತು. ಅನುಯಾಯಿಗಳು ಎಷ್ಟು ಎಂದು ಎಣಿಸುವುದು ಕಷ್ಟ, ಯಾಕೆಂದರೆ ಊರ ಗುಡಿಗೆ ಹೋಗಿ, ಸಾವಿಗೆ ದಾವ್ ಪುರೋಹಿತನನ್ನು ಕರೆಸುವ ಮನೆಯವರು ತಾವು ದಾವ್ ಧರ್ಮದವರು ಎಂದು ಹೇಳಿಕೊಳ್ಳುವುದೇ ಅಪರೂಪ. ಕೋಲ್ಕತ್ತಾದ ಟಿರೆಟ್ಟಾ ಬಜಾರ್ ಸುತ್ತಮುತ್ತ ವಲಸೆ ಬಂದ ಚೀನೀಯರು ಕಟ್ಟಿದ ಗುಡಿಗಳಿವೆ, ಅಲ್ಲಿ ಸೇನಾನಿ ಗುವಾನ್ ಯುವಿನಂಥ ದೇವರಿಗೆ ಊದುಬತ್ತಿ ಹಚ್ಚುತ್ತಾರೆ. ನಮ್ಮ ದೇಶದಲ್ಲಿ ಈ ಲೋಕವನ್ನು ಕಣ್ಣಾರೆ ನೋಡಬೇಕೆಂದರೆ ಅಲ್ಲಿಗೆ ಹೋಗಬಹುದು.

ಮೊದಲು ಏನು ಓದಬೇಕು?

ದಾವ್ ದ ಜಿಂಗ್ ಅನ್ನು ಯು. ಆರ್. ಅನಂತಮೂರ್ತಿ ಕನ್ನಡಕ್ಕೆ ತಂದಿದ್ದಾರೆ. ಒಂದೇ ಕೂತಿಗೆ ಮುಗಿಸಬೇಡಿ, ದಿನಕ್ಕೆ ಎರಡು ಮೂರು ಅಧ್ಯಾಯ ಸಾಕು. ಮೊದಲ ಅಧ್ಯಾಯದಲ್ಲೇ ಸಿಕ್ಕಿಕೊಂಡರೆ ಬಿಟ್ಟು 8, 11, 17, 31, 75 ಇವನ್ನು ಓದಿ, ಅವು ನೇರವಾಗಿವೆ. ಆಮೇಲೆ ಜುವಾಂಗ್ ತ್ಸುವಿನ ಮೊದಲ ಏಳು ಅಧ್ಯಾಯ. ಅದಾದ ಮೇಲೆ ದಯವಿಟ್ಟು ತೈವಾನ್‌ನ ಜಿಯಾವ್ ಪೂಜೆಯ ಒಂದು ವಿಡಿಯೋ ಹುಡುಕಿ ನೋಡಿ. ಮೊದಲ ಸಲಕ್ಕೆ ಏನೂ ಅರ್ಥವಾಗದಿದ್ದರೂ ಪರವಾಗಿಲ್ಲ, ಅರ್ಜಿ ಓದುವ ಭಾಗ ಬಂದಾಗ ಗಮನ ಇಡಿ.